ಎದುರು ನಿಂತ ದನಗಾಹಿಗಳು

ಲಿವರ್‌ಮೋರ್ ದೇವಸ್ಥಾನಕ್ಕೆ ಹೋಗುವ ದಾರಿಯ ಗುಡ್ಡಗಳಲ್ಲಿ ದನ ಮೇಯುತ್ತಿರುತ್ತವೆ. ಮೊನ್ನೆ ಕಾರಿನ ಕಿಟಕಿ ಇಳಿಸಿದ್ದೆ. ಬಿಸಿಲಿಗೆ ಕಾದ ಸಗಣಿಯ ವಾಸನೆ ಒಳಗೆ ನುಗ್ಗಿತು. ಹಿಂದಿನ ಸೀಟಿನಿಂದ ಮಗಳು ಇಂಗ್ಲಿಷಿನಲ್ಲಿ ಗೊಣಗಿ ಕಿಟಕಿ ಏರಿಸುವಷ್ಟರಲ್ಲಿ ನಾನು ಧಾರವಾಡಕ್ಕೂ ಆಫ್ರಿಕಕ್ಕೂ ಹೋಗಿ ಬಂದಿದ್ದೆ.

ಆಫ್ರಿಕ ಯಾಕೆ ಅಂತೀರಾ? ನನಗೊಂದು ಚಟವಿದೆ. ಮೆನ್ಲೋ ಪಾರ್ಕಿನ ಆಫೀಸಿನಲ್ಲಿ ವಾರವಿಡೀ ಮೀಟಿಂಗು ಮುಗಿಸಿ, ಶನಿವಾರ ಬೇರೆಯವರು ದ್ರಾಕ್ಷಿತೋಟ ನೋಡಲು ಹೊರಟರೆ, ನಾನು ಮೊದಲನೇ ಮಹಾಯುದ್ಧದ ಕಾಲದ ಸೇನಾ ವರದಿಗಳನ್ನು ಕಂಪ್ಯೂಟರಿನಲ್ಲಿ ಓದುತ್ತಾ ಕೂರುತ್ತೇನೆ. ದೊಡ್ಡ ಕಾಳಗಗಳದ್ದಲ್ಲ. ಆಫ್ರಿಕದ ದಕ್ಷಿಣ ಭಾಗದಲ್ಲಿ ಬಿಳಿಯರ ಪಡೆಗಳು ಯಾವುದೋ ಹಳ್ಳಿಗೆ ನುಗ್ಗಿ, ಗುಡಿಸಲು ಸುಟ್ಟು, ದನ ಹೊಡೆದುಕೊಂಡು ಹೋಗುತ್ತಿದ್ದ ಸಣ್ಣ ದಾಳಿಗಳದ್ದು. ‘ಕೆಲಸವಿಲ್ಲದ ಬಡಗಿ...’ ಎಂದು ಗಂಡ ಗಾದೆಯನ್ನು ಅರ್ಧಕ್ಕೇ ನಿಲ್ಲಿಸುತ್ತಾನೆ. ಉಳಿದರ್ಧ ಮಗಳ ಎದುರು ಹೇಳುವಂಥದ್ದಲ್ಲ. ನೂರು ವರ್ಷ ಹಳೆಯ ದನಗಳ್ಳತನಕ್ಕೆ ಈಗ ದೂರು ಬರೆಯುತ್ತಿರುವವಳು ನಾನೊಬ್ಬಳೇ ಇರಬೇಕು.

ಅಂಥ ಒಂದು ವರದಿ ನನ್ನನ್ನು ಹಿಡಿದುಕೊಂಡಿದೆ. ದಾಳಿ ನಡೆಸಿದ ಕ್ಯಾಪ್ಟನ್ನನ ಚಾಕಚಕ್ಯತೆಯ ವರ್ಣನೆ ಪುಟಗಟ್ಟಲೆ. ಒಂದು ಕುದುರೆ ಕುಂಟಿದ್ದೂ ದಾಖಲಾಗಿದೆ. ಎದುರು ನಿಂತ ದನಗಾಹಿಗಳನ್ನು ‘ಚದುರಿಸಲಾಯಿತು’ ಎಂಬಲ್ಲಿಗೆ ಅವರ ಕಥೆ ಮುಗಿಯಿತು. ಸತ್ತರೋ ಬದುಕಿದರೋ, ಹೆಸರೇನೋ, ಎಷ್ಟು ಹುಡುಕಿದರೂ ಸಿಕ್ಕಿಲ್ಲ. ಓದಿದಾಗಲೆಲ್ಲ ಸಿಟ್ಟು ನೆತ್ತಿಗೇರುತ್ತದೆ.

ಈ ಸಿಟ್ಟು ನನಗೆ ಕಾಕಾನಿಂದ ಬಂದದ್ದು. ಕಾಕಾ ಧಾರವಾಡದಲ್ಲಿ ವಕೀಲ. ಕಕ್ಷಿದಾರರ ಹಳ್ಳಿಗೆ ಹೋಗುವಾಗ ಸ್ಕೂಟರಿನ ಹಿಂದೆ ನನ್ನನ್ನೂ ಕೂರಿಸಿಕೊಳ್ಳುತ್ತಿದ್ದ. ಊರ ಹೊರಗೆ ವೀರಗಲ್ಲು ಕಂಡರೆ ಸ್ಕೂಟರು ನಿಲ್ಲಲೇಬೇಕು, ಕಕ್ಷಿದಾರ ಕಾಯಲಿ. ಕೆಳಗೆ ದನ ಮತ್ತು ಕಾಳಗ, ನಡುವೆ ಸತ್ತವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗ. ತುರು ಕದಿಯಲು ಬಂದವರಿಗೆ ಅಡ್ಡ ನಿಂತು ಸತ್ತವನಿಗೆ ಊರು ನಿಲ್ಲಿಸಿದ ಕಲ್ಲು. ಹೊಡೆದುಕೊಂಡು ಹೋದವನಿಗೆ ಯಾವ ಊರೂ ಕಲ್ಲು ನಿಲ್ಲಿಸುವುದಿಲ್ಲ. ಒಮ್ಮೆ ಅಕ್ಷರವೆಲ್ಲ ಸವೆದ ಕಲ್ಲಿನ ಮುಂದೆ, ಯಾರೆಂದೇ ಗೊತ್ತಿಲ್ಲದವನಿಗೆ ಯಾಕೆ ನಮಸ್ಕಾರ ಎಂದು ನಾನು ವಾದಕ್ಕಿಳಿದೆ. ವಕೀಲನೊಡನೆ ವಾದ!

“ಹೆಸರು ಅಳಿಸ್ಯದ, ತಂಗಿ. ನಿಂತಾಂವ ಅಳಿಸಿಲ್ಲ. ಕೈ ಮುಗಿ” ಎಂದ.

ಮೊನ್ನೆ ದೇವಸ್ಥಾನದ ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸುವಾಗ ಶ್ರೀಧರ್ ಅವರ ಫೋನು ಬಂತು. ನಮ್ಮ ಕನ್ನಡ ಸಂಘದ ಕಾರ್ಯಕ್ರಮಗಳನ್ನು ನೋಡಿಕೊಳ್ಳುವವರು. ಬೆಂಗಳೂರಿನವರು, ಒಳ್ಳೆಯ ಮನುಷ್ಯ. ವಾರ್ಷಿಕೋತ್ಸವದಲ್ಲಿ ಈ ದಾಳಿಗಳ ಬಗ್ಗೆ ಮಾತಾಡಲು ಒಪ್ಪಿಸಿದವರೂ ಅವರೇ. ಕಳಿಸಿದ್ದ ಭಾಷಣ ಓದಿದ್ದರು.

“ಮೇಡಂ, ಕ್ಯಾಪ್ಟನ್ ಪಾರ್ಟು ಸೂಪರ್ ಆಗಿದೆ, ಅಷ್ಟೇ ಇಟ್ಕೊಳಿ. ಆ ದನ ಕಾಯೋರದ್ದು ಕಟ್ ಮಾಡ್ಬಿಡಿ. ಹೆಸರೂ ಇಲ್ಲ, ಏನೂ ಇಲ್ಲ, ಏನಂತ ಹೇಳ್ತೀರಾ?”

ನಿಜ ಹೇಳಬೇಕೆಂದರೆ, ಹಿಂದಿನ ದಿನ ಕೇಳಿದ್ದರೆ ಕತ್ತರಿಸಿಬಿಡುತ್ತಿದ್ದೆನೇನೋ. ವೇದಿಕೆ ಹತ್ತುವ ಆಸೆ ಯಾರಿಗಿಲ್ಲ? ಆದರೆ ದಾರಿಯಲ್ಲಿ ಕಾಕಾನ ಮಾತು ನೆನಪಾದ ಮೇಲೆ ನಾಲಿಗೆ ಒಪ್ಪಲಿಲ್ಲ. ಭಾಷಣ ಶುರುವಾಗುವುದೇ ದನಗಾಹಿಗಳಿಂದ, ಅವರ ಹೆಸರು ಸಿಗಲಿಲ್ಲ ಎಂಬುದನ್ನೇ ಮೊದಲು ಹೇಳುತ್ತೇನೆ, ಕ್ಯಾಪ್ಟನ್ನನ ಹೆಸರು ನನ್ನ ಬಾಯಲ್ಲಿ ಬರುವುದಿಲ್ಲ, ಬೇಡವೆಂದರೆ ನನ್ನನ್ನೇ ತೆಗೆದುಬಿಡಿ ಎಂದೆ. ಸರಿ, ಹಾಗೇ ಹಾಕುತ್ತೇನೆ, ಆದರೆ ಜನ ಅರ್ಧಕ್ಕೇ ಎದ್ದು ಬಿಸಿಬೇಳೆಭಾತಿನ ಕ್ಯೂಗೆ ಹೋದರೆ ನನ್ನನ್ನು ಬೈಯಬೇಡಿ ಎಂದರು ಶ್ರೀಧರ್.

“ಹೋಗ್ಲಿ ಬಿಡ್ರಿ” ಎಂದೆ. “ಊಟದ ಕಡೆನೂ ಮೈಕು ಕೇಳಸ್ತದ.”