ಹೊಸ್ತಿಲ ಮೇಲಿನ ಹಣ್ಣು

ಮೊನ್ನೆ ಕೊಂಢವಾ ಬಡಾವಣೆಯ ಸೂಪರ್‌ಮಾರ್ಕೆಟ್‌ನಲ್ಲಿ 'ಎಕ್ಸಾಟಿಕ್' ಎಂಬ ಬೋರ್ಡಿನ ಕೆಳಗೆ ಬೆರಳುಗಳಿದ್ದ ಹಳದಿ ಹಣ್ಣೊಂದು ಕಂಡಿತು. ನಿಂಬೆಯ ಜಾತಿಯದೇ, ಆದರೆ ಅರ್ಧ ಮುಚ್ಚಿದ ಕೈಯ ಹಾಗೆ. ಮೂಗಿಗೆ ಹಿಡಿದೆ. ಆ ಪರ್ಫ್ಯೂಮ್‌ನಂಥ ಘಮಕ್ಕೆ ಟ್ರಾಲಿ ಹಿಡಿದುಕೊಂಡೇ ನಿಂತುಬಿಟ್ಟೆ...

ಸದಾಶಿವ ಪೇಠದ ನಮ್ಮ ಹಳೆಯ ಬಿಲ್ಡಿಂಗಿನಲ್ಲಿ ಎದುರು ಮನೆಯ ಅಕ್ಕನಿಗೆ ಅಪರೂಪದ ಹುಳಿಹಣ್ಣುಗಳ ಹುಚ್ಚು. ಕರಾವಳಿಯವರು, ಹೋಟೆಲ್ ನಡೆಸುತ್ತಿದ್ದ ಗಂಡ ತೀರಿಕೊಂಡಿದ್ದರು. ಚಕ್ಕೋತ, ಮಾದಳ, ಹೆರಳೆ, ಹೆಸರೇ ಗೊತ್ತಿಲ್ಲದವು ಕೂಡ ಮಾರ್ಕೆಟ್ ಯಾರ್ಡ್‌ನಿಂದ ಬರುತ್ತಿದ್ದವು. ಸಿಪ್ಪೆಯ ಗೊಜ್ಜು ಮಾಡಿ ನನಗೆ ರುಚಿ ತೋರಿಸುತ್ತಿದ್ದರು. ಹೊಸ ಹಣ್ಣನ್ನು ಮೊದಲು ದೇವರ ಮುಂದಿಟ್ಟು, ಕುಂಕುಮ ಹಚ್ಚಿ, ಆಮೇಲೆ ಮನೆಮನೆಗೂ ಒಂದೊಂದು. ಬಾಗಿಲು ಹಾಕಿದ್ದರೆ ಹೊಸ್ತಿಲ ಮೇಲಿಟ್ಟು ಬರುವರು.

ಬೆರಳಿನ ಹಣ್ಣು ತಂದ ದಿನ ಅಮಾವಾಸ್ಯೆ ಎಂಬುದು ಅವರಿಗೆ ನೆನಪಿರಲಿಲ್ಲ. ಕಲಬುರಗಿ ಕಡೆಯ ವಾಚ್‌ಮನ್‌ನ ಹೆಂಡತಿ, ಬಸುರಿ, ತನ್ನ ಖೋಲಿಯ ಹೊಸ್ತಿಲಲ್ಲಿ ಅದನ್ನು ಕಂಡು ನನ್ನ ಬಳಿ ಬಂದಳು. ಮುಖದಲ್ಲಿ ರಕ್ತವಿರಲಿಲ್ಲ.

"ಬಾಯಾರ, ಯಾರೋ ಭಾನಾಮತಿ ಮಾಡ್ಯಾರ್ರಿ. ಕುಂಕುಮ ಹಚ್ಚಿದ ಕೈ ಇಟ್ಟಾರ."

ಅವರ ಊರಲ್ಲಿ ಮಾಟಕ್ಕೆ ಆ ಹೆಸರು. ಎದುರು ಮನೆಯ ಅಕ್ಕ ಹೊರಬಂದು ನಕ್ಕರು. "ಎಂಥ ಮಾಟ ಮಾರಾಯ್ತಿ, ನಾನೇ ಇಟ್ಟದ್ದು. ಉಪ್ಪಿನಕಾಯಿ ಹಾಕು, ನಿನ್ನ ಬಾಯಿರುಚಿಗೆ ಆಗ್ತದೆ."

ಅವಳು ನಗಲಿಲ್ಲ. "ನೀವ ಇಟ್ಟೀರೇನ್ರಿ?" ಎಂದಳು, ಅಷ್ಟೇ.

ಆ ವಾರವೇ ಅವಳಿಗೆ ಗರ್ಭಪಾತವಾಯಿತು.

ಡಾಕ್ಟರು ಬೇರೆ ಕಾರಣ ಹೇಳಿದ್ದರು. ಕೋಇನ್ಸಿಡೆನ್ಸ್ ಎಂದು ನಾನು ಎಲ್ಲರಿಗೂ ಹೇಳಿದೆ; ಎಲ್ಲರೂ ಪೊಲೈಟಾಗಿ ತಲೆಯಾಡಿಸಿದರು. ಒಬ್ಬರೂ ಜಗಳಕ್ಕೆ ಬರಲಿಲ್ಲ. ಮೆಟ್ಟಿಲಲ್ಲಿ ಅಕ್ಕನ ಚಪ್ಪಲಿಯ ಸದ್ದಾದರೆ ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಿದ್ದರು. ಕೊಟ್ಟ ಹಣ್ಣುಗಳು ಒಣಗಿ, ಕಪ್ಪಾಗಿ, ಒಂದೊಂದಾಗಿ ಅವರ ಹೊಸ್ತಿಲಿಗೇ ಮರಳಿದವು. ಕೊನೆಯದಕ್ಕೆ ಯಾರೋ ಕಬ್ಬಿಣದ ಮೊಳೆ ಹೊಡೆದಿದ್ದರು.

"ನಾನು ಅಂಥವಳ ಹಾಗೆ ಕಾಣ್ತೇನಾ?" ಎಂದು ಒಮ್ಮೆ ಕೇಳಿದರು. ಇಲ್ಲ ಅಕ್ಕ ಎಂದೆ. ಅವರಿಗೆ ಬೇಕಿದ್ದದ್ದು ನನ್ನೊಬ್ಬಳ ಉತ್ತರವಲ್ಲ...

ಮನೆ ಮಾರಿ ಧನಕವಡಿಯ ತಮ್ಮನ ಮನೆ ಸೇರಿದರು. ನಾನು ಹೋದಾಗಲೆಲ್ಲ ಬಿಸ್ಕತ್ತು ಕೊಡುತ್ತಿದ್ದರು, ಪ್ಯಾಕೆಟ್ ಒಡೆಯದೆ. ನನ್ನ ಕೈಯಿಂದಲೇ ಒಡೆಸುವರು. ಹೋದ ವರ್ಷ ಅಲ್ಲೇ ತೀರಿಕೊಂಡರು.

ಮೊನ್ನೆ ಕಂಡ ಆ ಹಣ್ಣನ್ನು ಕೊಂಡು ತಂದೆ. ರಸವಿಲ್ಲ, ಸಿಪ್ಪೆಯೇ ಎಲ್ಲ. ತೆಳ್ಳಗೆ ಹೆಚ್ಚಿ ಸಕ್ಕರೆ ಬೆರೆಸಿದೆ, ಒಬ್ಬಳಿಗೆ ಬಹಳವಾಯಿತು. ಪಕ್ಕದ ಫ್ಲಾಟಿನ ಸೊಸೆ ತುಂಬು ಬಸುರಿ, ದಿನವೂ ಲಿಫ್ಟಿನಲ್ಲಿ ನನ್ನನ್ನು ನೋಡಿ ನಗುತ್ತಾಳೆ. ತಟ್ಟೆ ಹಿಡಿದು ಅವಳ ಬಾಗಿಲವರೆಗೆ ಹೋದೆ. ಒಳಗೆ ಅವಳು ಯಾರೊಡನೆಯೋ ಫೋನಿನಲ್ಲಿ ಮಾತಾಡುತ್ತಿದ್ದಳು. ಬೆಲ್ ಒತ್ತಲು ಕೈ ಏಳಲಿಲ್ಲ.