ಕಾಂಗೋದ ಇಲಿ, ನನ್ನ ಪೋರ್ಕ್

ನಾನೀಗ ಇರುವ ಪರದೇಶದ ಊರು ಮೋರ್ಲಿಯ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ, ಎಲ್ಲರೂ ಮನೆಯಿಂದ ತಂದ ಅಡುಗೆ ಹಂಚಿಕೊಂಡು ಉಣ್ಣುತ್ತಿದ್ದೆವು. ಕಾಂಗೋದಿಂದ ಬಂದ ನನ್ನ ಗೆಳತಿ, ನನಗಿಂತ ಬಹಳ ಚಿಕ್ಕವಳು, ಫೋನಿನಲ್ಲಿ ಪುಟ್ಟ ಇಲಿಯೊಂದರ ಫೋಟೋ ತೋರಿಸಿದಳು. ಹೈಲೊಮಿಸ್ಕಸ್ ಎಂಬ ಕುಲದ್ದಂತೆ, ಅವಳೂರಿನ ಕಾಡಿನಲ್ಲಿ ಮರ ಹತ್ತಿಕೊಂಡು ಬದುಕುತ್ತದಂತೆ. ಅವಳಜ್ಜಿ ಅದನ್ನು ಕೆಂಡದಲ್ಲಿ ಸುಟ್ಟು ಕೊಡುತ್ತಿದ್ದರಂತೆ.

“ಛೀ, ರ‍್ಯಾಟ್ ತಿಂತಿದ್ರಾ?” ಎಂದು ಇದ್ದಬದ್ದ ಇಂಗ್ಲಿಷ್ ಮರೆತು ಕನ್ನಡದಲ್ಲೇ ಅಂದುಬಿಟ್ಟೆ. ಕೈ ಮೂಗಿಗೆ ಹೋಗಿತ್ತು. ಅವಳಿಗೆ ಅರ್ಥವಾಗಲು ಭಾಷೆ ಬೇಕಾಗಲಿಲ್ಲ.

ಚಿಕ್ಕಂದಿನಲ್ಲಿ ಕಾನ್ವೆಂಟಿನಲ್ಲಿ ಓದುವಾಗ ನನ್ನ ಡಬ್ಬಿಯ ಪೋರ್ಕ್ ಕಂಡು ಹುಡುಗಿಯರು ಹೀಗೆಯೇ ಮೂಗು ಮುಚ್ಚಿಕೊಂಡಿದ್ದರು. ಆಮೇಲೆ ನಾನು ಒಬ್ಬಳೇ ಕೂತು ಉಣ್ಣುತ್ತಿದ್ದೆ.

ಗೆಳತಿಯ ತಟ್ಟೆಯಲ್ಲಿ ನಾನೇ ಮಾಡಿ ತಂದ ಪೋರ್ಕ್ ಇತ್ತು. ಅವಳು ಅದನ್ನು ಪೂರ್ತಿ ತಿಂದಳು. “ಆ ಫೋಟೋ ಇನ್ನೊಂದ್ಸಲ ತೋರ್ಸಮ್ಮ,” ಎಂದು ಈಗ ಇಂಗ್ಲಿಷಿನಲ್ಲಿ ಕೇಳಿದೆ.

“ಇಟ್ಸ್ ಓಕೆ, ಆಂಟಿ,” ಎಂದು ಫೋನನ್ನು ಬ್ಯಾಗಿನೊಳಗೆ ಇಟ್ಟುಕೊಂಡಳು.