ಗಿಟುಕು ಬಿಡಿಸಲು ಬಾರದ ಚಿಕ್ಕಮ್ಮ

ಚಿಕ್ಕಮ್ಮ ಹಂದನಕೆರೆ ಕಡೆಯ ರಾಗಿಹೊಲದ ಮನೆಯ ಮಗಳು. ಬಿಳಿಗೆರೆಯ ನಮ್ಮ ಮನೆಗೆ ಸೊಸೆಯಾಗಿ ಬಂದ ವರ್ಷವೇ ಮಿದುಳು ಜ್ವರ ಬಂತು. ಪ್ರಾಣ ಉಳಿಯಿತು, ಹಳೆಯ ನೆನಪೂ ಉಳಿಯಿತು. ಹೊಸದು ಮಾತ್ರ ನಿಲ್ಲಲೊಲ್ಲದು. ಬೆಳಿಗ್ಗೆ ಉಂಡದ್ದು ಮಧ್ಯಾಹ್ನಕ್ಕೆ ಮರೆತಿರುತ್ತಿದ್ದಳು. ಅವಳ ತಂದೆ ನೊಂದುಕೊಂಡು, "ಕೆಲ್ಸಕ್ಕಾಗ್ದೋಳ್ನ ನಿಮ್ ತಲೆಗೆ ಕಟ್ಟಕ್ಕಿಲ್ಲ. ದೀಪಾವಳಿಗೆ ಬಂದು ಕರ್ಕಂಡೋಯ್ತೀನಿ" ಎಂದುಬಿಟ್ಟರು. ಚಿಕ್ಕಮ್ಮನಿಗೋ ಗಂಡನ ಮನೆ ಬಿಡುವ ಮನಸ್ಸು ಎಳ್ಳಷ್ಟೂ ಇರಲಿಲ್ಲ.

ಅದು ಎಂಬತ್ತರ ದಶಕದ ಆರಂಭ. ನಾನು ಮೈಸೂರಿನಲ್ಲಿ ಎಂ.ಎಸ್ಸಿ. ಓದುತ್ತ, ಇಲಿಗಳನ್ನು ಸುತ್ತುದಾರಿಯ ಪೆಟ್ಟಿಗೆಯಲ್ಲಿ ಬಿಟ್ಟು ಅವು ಹೇಗೆ ಕಲಿಯುತ್ತವೆಂದು ನೋಡುತ್ತಿದ್ದೆ. ಮಿದುಳಿನೊಳಗೆ ಕಡಲಕುದುರೆಯ ಆಕಾರದ ಹಿಪೊಕ್ಯಾಂಪಸ್ ಎಂಬ ಭಾಗವಿದೆ, ಅದು ಕೆಟ್ಟರೆ ಹೊಸ ನೆನಪು ಉಳಿಯದು ಎಂದು ಆಗಷ್ಟೇ ಓದಿದ್ದೆ. ಬೇಸಿಗೆ ರಜೆಗೆ ಬಂದು ನೋಡಿದರೆ, ಅಜ್ಜಿ ಸೊಸೆಯ ಕೈಗೆ ಮಚ್ಚು ಕೊಟ್ಟು ಕೂರಿಸಿದ್ದಾಳೆ! ಅಟ್ಟದಲ್ಲಿ ವರ್ಷವಿಡೀ ಒಣಗಿದ ಕಾಯಿಯ ಚಿಪ್ಪು ಬಿಡಿಸಿ, ಗಿಟುಕನ್ನು, ಅಂದರೆ ಒಳಗಿನ ಕೊಬ್ಬರಿ ಉಂಡೆಯನ್ನು, ಗಾಯವಾಗದಂತೆ ಇಡಿಯಾಗಿ ತೆಗೆಯಬೇಕು. ನಮ್ಮ ತೆಂಗಿನ ಸೀಮೆಯಲ್ಲೇ ಹುಟ್ಟಿ ಬೆಳೆದ ಹೆಂಗಸರಿಗೂ ಕೈ ತಪ್ಪುವ ಕೆಲಸ.

"ಅವಳಿಗೆ ಕಲಿಯಕ್ಕಾಗಲ್ಲ ಅಜ್ಜಿ. ಸುಮ್ನೆ ಹಿಂಸೆ ಕೊಡಬೇಡ."

"ನಿನ್ ವಿದ್ಯೆ ನಿನ್ ಇಲಿಗಳ್ಗೆ ಹೇಳ್ಕೊ ಹೋಗೇ."

ದಿನಾ ಬೆಳಿಗ್ಗೆ ಒಂದೇ ಮಾತು. "ಅತ್ತೆ, ನಂಗೆ ಈ ಕೆಲ್ಸ ಗೊತ್ತಿಲ್ಲ." "ಗೊತ್ತಿಲ್ದಿದ್ರೆ ಏನಂತೆ, ಕೂತ್ಕಳವ್ವ. ಮಚ್ಚಿನ ಬೆನ್ನಲ್ಲಿ ಮೆಲ್ಲಗೆ ತಟ್ಟು." ಗಿಟುಕು ಹೋಳಾದರೆ, "ಚಟ್ನಿಗಾಯ್ತು ಬುಡು" ಎಂದು ಅಜ್ಜಿ ನಗುತ್ತಿದ್ದಳು. ನಿನ್ನೆಯೂ ಹೇಳಿಕೊಟ್ಟಿರಲಿಲ್ಲವೇ ಎಂಬ ಮಾತು ಅವಳ ಬಾಯಲ್ಲಿ ಒಮ್ಮೆಯೂ ಬರಲಿಲ್ಲ. ಕಲಿಸುವವರಿಗೆ ಇರಬೇಕಾದ ಗುಣ ಯಾವುದೆಂದು ನನಗೆ ಗೊತ್ತಾಗಿದ್ದು ಅಲ್ಲಿ. ಆ ಋಣ ದೊಡ್ಡದು.

ರಜೆ ಮುಗಿಯುವ ಹೊತ್ತಿಗೆ ಹತ್ತಕ್ಕೆ ಐದಾರು ಗಿಟುಕು ಇಡಿಯಾಗಿ ಬರುತ್ತಿದ್ದವು. ನಾನು ಬೆಪ್ಪಾಗಿ, ಮೈಸೂರಿಗೆ ಮರಳಿದ ಮೇಲೆ ನಮ್ಮ ಮೇಷ್ಟರನ್ನು ಕೇಳಿದೆ. "ಕೈ ಕಲಿಯೋದಕ್ಕೆ ಮಿದುಳಲ್ಲಿ ಬೇರೆ ದಾರಿ ಇದೆ ಕಣಮ್ಮ. ಅರ್ಧ ಪಾಠ ಓದಿ ಪೂರ್ತಿ ತೀರ್ಪು ಕೊಟ್ಟೆಯಲ್ಲ!" ಎಂದರು.

ದೀಪಾವಳಿಗೆ ಚಿಕ್ಕಮ್ಮನ ತಂದೆ ಬಂದೇಬಿಟ್ಟರು. ಅವಳು ಮಚ್ಚು ಹಿಡಿದು ಕೂತಿದ್ದಳು. "ನಂಗೆ ಈ ಕೆಲ್ಸ ಬರಲ್ಲ ಕಣಪ್ಪ" ಎನ್ನುತ್ತಲೇ ತಟ್ಟಿದಳು. ಚಿಪ್ಪು ಕಳಚಿ ಗಿಟುಕು ಮಡಿಲಿಗೆ ಉರುಳಿತು. ಅವರು ಅದನ್ನೆತ್ತಿ ತಿರುಗಿಸಿ ತಿರುಗಿಸಿ ನೋಡಿದರು. ಒಂದು ಗೀರೂ ಇರಲಿಲ್ಲ.

"ಯಾವಾಗ ಕಲಿತ್ಲು ಇವ್ಳು?"

"ಅವಳ್ನೇ ಕೇಳಿದ್ರೆ ಇನ್ನೂ ಕಲಿತಿಲ್ಲ ಅಂತಾಳೆ ಬೀಗರೇ. ಕಾಪಿ ಕುಡೀರಿ."

ಕಾಪಿ ಕುಡಿದು, ಕಣ್ಣೊರೆಸಿಕೊಂಡು, ಒಬ್ಬರೇ ಬಸ್ಸಿಗೆ ಹೊರಟರು.

ಸಂಜೆ ಚಿಕ್ಕಮ್ಮ ಕೇಳಿದಳು: "ಹಬ್ಬಕ್ಕೆ ನಮ್ಮಪ್ಪ ಬರಲೇ ಇಲ್ವಲ್ಲ ಅತ್ತೆ?"

"ಬಂದಿದ್ರು ಕಣವ್ವ. ಮಗ್ಳು ಇಲ್ಲೇ ಇರ್ಲಿ ಅಂದೋದ್ರು."

ಚಿಕ್ಕಮ್ಮನ ಮುಖ ಅರಳಿತು. ಮುಂದೆ ಎಷ್ಟೋ ವರ್ಷ, ಅಜ್ಜಿ ದಿನಕ್ಕೊಮ್ಮೆಯಾದರೂ ಅದೇ ಸುದ್ದಿಯನ್ನು ಆಗ ತಾನೇ ಬಂದ ಸುದ್ದಿಯಂತೆ ಅವಳಿಗೆ ಹೇಳುತ್ತಿದ್ದಳು.